ಪುಟ್ ಅಂದರೆ ಇಡು

ಮಾರ್ಚ್ 3, ಮಂಗಳವಾರ

ಅಮ್ಮನ ಮೈ ಒರೆಸಿ, ಬೆನ್ನಿಗೆ ಪೌಡರ್ ಹಾಕಿ, ದಿಂಬು ಕೊಟ್ಟು ಕೂರಿಸುವಷ್ಟರಲ್ಲಿ ಹತ್ತು ಗಂಟೆ. ಸೊಂಟ ಮುರಿದುಕೊಂಡು ಮಲಗಿದ್ದರೂ ಪಾಠ ಹೇಳುವ ಚಟ ಬಿಟ್ಟಿಲ್ಲ. ರಿಟೈರ್ ಆಗುವ ತನಕ ಇಂಗ್ಲಿಷ್ ಟೀಚರ್. ಈಗ ಇಡೀ ಕ್ಲಾಸಿಗೆ ನಾನೊಬ್ಬಳೇ, ಇವರನ್ನು ನೋಡಿಕೊಳ್ಳಲು ಬಂದ ಹೋಂ ನರ್ಸ್. ನನ್ನನ್ನು ‘ಹುಡುಗಿ’ ಅನ್ನುತ್ತಾರೆ. ನಲವತ್ತು ದಾಟಿದವಳು ನಾನು. ಇರಲಿ, ಬೇರೆ ಯಾರು ಅನ್ನುತ್ತಾರೆ!

ಇವತ್ತಿನ ಪದ — ಪುಟ್. ಇಡು.

“ಇದೊಂದು ಸರಿಯಾಗಿ ಬಂದ್ರೆ ಅರ್ಧ ಇಂಗ್ಲಿಷ್ ಬಂದ ಹಾಗೆ,” ಅಂದರು. ಪುಟ್ ಆನ್ — ಹಾಕಿಕೋ. ಪುಟ್ ಆಫ್ — ಮುಂದೂಡು. ಪುಟ್ ಔಟ್ — ಆರಿಸು. ಪಕ್ಕದ ಪದ ಬದಲಾದರೆ ಅರ್ಥವೇ ಬೇರೆ.

“ಆಗಿಹೋದದ್ದಕ್ಕೆ ಏನಂತಾರಮ್ಮ?”

“ಅದಕ್ಕೂ ಪುಟ್ಟೇ. ನಿನ್ನೆ ಇಟ್ರೂ ಪುಟ್, ದಿನಾ ಇಟ್ರೂ ಪುಟ್.”

“ಮತ್ತೆ ಮುಗಿದುಹೋಗಿದೆಯೋ ಇಲ್ವೋ ಅಂತ ಹೇಗೆ ಗೊತ್ತಾಗತ್ತೆ?”

“ಆ ಪದ ನೋಡಿದ್ರೆ ಗೊತ್ತಾಗಲ್ಲ. ಸುತ್ತಮುತ್ತ ನೋಡ್ಬೇಕು.”

ಮಂಚದ ಕೆಳಗೆ ನಾಯಿಯ ಗೊರಕೆ. ಅದಕ್ಕೂ ವಯಸ್ಸಾಗಿದೆ, ಒಂದು ಕಣ್ಣು ಕಾಣುವುದಿಲ್ಲ. ಅಮ್ಮ ಅದನ್ನು ಕರೆಯುವುದೇ ‘ಮುದುಕಿ’ ಅಂತ. “ಈ ಮನೇಲಿ ಇಬ್ಬರು ಮುದುಕೀರು ಕಣೆ. ಒಬ್ಬಳಿಗೆ ಬಾಲ ಇದೆ, ಅಷ್ಟೇ ವ್ಯತ್ಯಾಸ.”

ಮಾರ್ಚ್ 5, ಗುರುವಾರ

ಅಡುಗೆಮನೆಯಲ್ಲಿ ಹಾಲು ಬಿಸಿ ಮಾಡುತ್ತಿದ್ದೆ. ಅಮ್ಮನ ಮಗ ಬಾಲ್ಕನಿಯಲ್ಲಿ ಫೋನಿನಲ್ಲಿದ್ದರು. ನನ್ನನ್ನು ಕಂಡದ್ದೇ ಮಾತು ಇಂಗ್ಲಿಷಿಗೆ ತಿರುಗಿತು. ಯಾವಾಗಲೂ ಹಾಗೇ, ಗಂಡ ಹೆಂಡತಿ ಇಬ್ಬರೂ.

ಆದರೆ ಇವತ್ತು ಒಂದು ತುಣುಕು ಕಿವಿಗೆ ಬಿತ್ತು — “ಪುಟ್ ಹರ್ ಡೌನ್... ಫ್ರೈಡೇ.”

ಹರ್ ಅಂದರೆ ಅವಳನ್ನು. ಡೌನ್ ಅಂದರೆ ಕೆಳಗೆ. ಅವಳನ್ನು ಕೆಳಗೆ ಇಡು. ಓಹೋ! ಕೆಳಗಿನ ಮನೆ ಖಾಲಿ ಬಿದ್ದಿದೆ. ಅಮ್ಮನನ್ನು ಅಲ್ಲಿಗೆ ಸಾಗಿಸುತ್ತಾರೆ ಅಂತಾಯಿತು. ವೀಲ್‌ಚೇರ್ ಸೀದಾ ಅಂಗಳಕ್ಕೆ ತಳ್ಳಬಹುದು, ಲಿಫ್ಟಿನ ಕಾಟವಿಲ್ಲ. ಅಮ್ಮ ಬಿಸಿಲು ಕಂಡು ಎಷ್ಟು ಕಾಲವಾಯಿತೋ.

ಯಾರೂ ಹೇಳಿಕೊಡದೆ ನಾನೇ ಅರ್ಥ ಮಾಡಿಕೊಂಡ ಮೊದಲ ಇಂಗ್ಲಿಷ್ ಮಾತು. ಅಮ್ಮನಿಗೆ ಹೇಳಲಿಲ್ಲ. ಮಗನೇ ಹೇಳಿ ಖುಷಿಪಡಿಸಲಿ.

ಮಾರ್ಚ್ 7, ಶನಿವಾರ

ನಿನ್ನೆ ನನಗೆ ರಜೆ. ಇವತ್ತು ಬಂದರೆ ಮುದುಕಿ ಇಲ್ಲ. “ಫ್ರೆಂಡ್ ಮನೇಲಿ ಬಿಟ್ಟಿದೀವಿ. ದೊಡ್ಡ ತೋಟ ಇದೆ ಅವರಿಗೆ,” ಅಂದರು ಸೊಸೆ. ನನ್ನ ಮುಖ ನೋಡಲಿಲ್ಲ.

ಕಸದ ಬುಟ್ಟಿಯಲ್ಲಿ ನಾಯಿಯ ಕೊರಳಪಟ್ಟಿ. ಹಗ್ಗವೂ ಇತ್ತು. ತೋಟದ ಮನೆಗೆ ಬರಿಗೊರಳಲ್ಲಿ ಹೋಯಿತೇ...

ಅಮ್ಮನನ್ನು ಕೆಳಗೆ ಸಾಗಿಸಿಲ್ಲ. ಯಾರೂ ಆ ಮಾತೇ ಎತ್ತುತ್ತಿಲ್ಲ.

ಮಾರ್ಚ್ 9, ಸೋಮವಾರ

ನನ್ನ ಬಾಯಿ ಸುಮ್ಮನಿರಬಾರದಿತ್ತೇ.

“ಶುಕ್ರವಾರ ನಿಮ್ಮನ್ನ ಕೆಳಗಿನ ಮನೆಗೆ ಕರಕೊಂಡು ಹೋಗ್ಬೇಕಿತ್ತಲ್ಲಮ್ಮ, ಯಾಕೆ ಹೋಗಲಿಲ್ಲ?”

“ಯಾರು ಹೇಳಿದ್ದು?”

“ಸಾರ್ ಫೋನಲ್ಲಿ ಅಂತಿದ್ರು. ಪುಟ್ ಹರ್ ಡೌನ್ ಅಂತ. ನಂಗೇ ಅರ್ಥ ಆಯ್ತು!”

ಅಮ್ಮನ ಕೈ ಹೊದಿಕೆಯ ಅಂಚಿನಲ್ಲೇ ನಿಂತುಬಿಟ್ಟಿತು. ಆಮೇಲೆ ಅದೇ ಕೈಯನ್ನು ಮಂಚದ ಪಕ್ಕಕ್ಕೆ ಇಳಿಬಿಟ್ಟು, ಮುದುಕಿ ಮಲಗುತ್ತಿದ್ದ ಜಾಗದತ್ತ ತಡಕಿದರು.

“ಪ್ರಾಣಿಗಳಿಗೆ ಹೇಳೋ ಮಾತು ಅದು,” ಅಂದರು. “ಡಾಕ್ಟರ ಹತ್ರ ಒಯ್ದು, ಸೂಜಿ ಚುಚ್ಚಿ, ಮಲಗಿಸಿಬಿಡೋದು. ಮತ್ತೆ ಏಳದ ಹಾಗೆ.”

ಅವರು ಅಳಲಿಲ್ಲ. ಕ್ಲಾಸಿನಲ್ಲಿ ಕೇಳುವ ಹಾಗೆ ಕೇಳಿದರು —

“ಹುಡುಗಿ, ಅವನು ‘ಡಾಗ್’ ಅಂದನಾ, ‘ಹರ್’ ಅಂದನಾ?”

“ಹರ್ ಅಂದ್ರು ಅಮ್ಮ.”

“ಹ್ಞೂಂ,” ಅಂದರು.

ಮಾರ್ಚ್ 16, ಸೋಮವಾರ

ಬರೆಯಲು ಮನಸ್ಸೇ ಬಂದಿರಲಿಲ್ಲ.

ಪಾಠ ನಿಂತಿದೆ. ಅಮ್ಮನಿಗೆ ಹಗಲೆಲ್ಲ ನಿದ್ದೆ. ಮಾತು ತೊದಲುತ್ತಿದೆ. ನಿನ್ನೆ ನನ್ನನ್ನೇ ‘ಯಾರು’ ಅಂದರು. ಮಗ ಹೊಸ ಮಾತ್ರೆ ತಂದುಕೊಟ್ಟಾಗಿನಿಂದ ಹೀಗೆ. “ನೋವಿಗೆ. ಬೆಳಿಗ್ಗೆ ಒಂದು, ಸಂಜೆ ಒಂದು, ಹಾಲಲ್ಲಿ ಕರಗಿಸಿ ಕೊಡಿ. ಮಾತ್ರೆ ಅಂದ್ರೆ ಹಟ ಮಾಡ್ತಾಳೆ.”

ಸಂಜೆ ಮನೆಗೆ ಹೋಗುವಾಗ ಮೂಲೆಯ ಮೆಡಿಕಲ್ ಶಾಪಿನಲ್ಲಿ ಸ್ಟ್ರಿಪ್ ತೋರಿಸಿದೆ. ಅಂಗಡಿಯವರು ಕನ್ನಡಕ ಏರಿಸಿ ನೋಡಿದರು. “ನೋವಿಗಲ್ಲಮ್ಮ, ಇದು ನಿದ್ದೆದು. ವಯಸ್ಸೆಷ್ಟು ಅವರಿಗೆ? ಎಂಬತ್ತಾ? ಅರ್ಧ ಕೊಡೋಕೂ ಹಿಂದುಮುಂದು ನೋಡ್ಬೇಕು.”

ದಿನಾ ಕರಗಿಸಿದ್ದು ನನ್ನ ಕೈ. ಚಮಚ ಆಡಿಸುತ್ತಾ ಹಾಡು ಗುನುಗಿದ್ದೂ ನೆನಪಿದೆ.

ಮಾರ್ಚ್ 18, ಬುಧವಾರ

ಎರಡು ದಿನದಿಂದ ಬರೀ ಹಾಲು ಕೊಡುತ್ತಿದ್ದೇನೆ. ಅಮ್ಮ ಇವತ್ತು ನನ್ನನ್ನು ಗುರುತು ಹಿಡಿದರು.

ಮಧ್ಯಾಹ್ನ ಮಗ ಮತ್ತೆ ಫೋನಿನಲ್ಲಿದ್ದರು. “ಪುಟ್ ಹರ್ ಇನ್ ಎ ಹೋಮ್.” ಈ ಸಲ ನಾನೇ ಊಹೆ ಕಟ್ಟಿಕೊಂಡು ಕೂರಲಿಲ್ಲ. ಫೋನ್ ಇಟ್ಟ ಮೇಲೆ ಎದುರಿಗೆ ಹೋಗಿ ನಿಂತೆ.

“ಸಾರ್, ಅಮ್ಮನ್ನ ಎಲ್ಲಾದ್ರೂ ಕಳಿಸ್ತಿದ್ದೀರಾ?”

“ನಿಮಗೆ ಇಂಗ್ಲಿಷ್ ಬರತ್ತಾ?”

“ಒಂದೇ ಪದ ಬರತ್ತೆ ಸಾರ್.”

ಸುಸ್ತಾದವರ ಹಾಗೆ ಕುರ್ಚಿಗೆ ಕುಸಿದರು. ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

“ಶುಕ್ರವಾರ ಹತ್ತು ಗಂಟೆಗೆ ವ್ಯಾನ್ ಬರತ್ತೆ. ವೃದ್ಧಾಶ್ರಮ, ಒಳ್ಳೇ ಜಾಗ. ಎಚ್ಚರ ಇದ್ರೆ ಅಮ್ಮ ಹೊಸಿಲು ದಾಟಲ್ಲ, ಬಾಗಿಲು ಹಿಡ್ಕೊಂಡು ಕೂಗ್ತಾಳೆ. ಅದನ್ನ ನೋಡೋ ಶಕ್ತಿ ನಂಗಿಲ್ಲ ಕಣ್ರೀ. ಅವತ್ತು ಬೆಳಿಗ್ಗೆ ಹಾಲಿಗೆ ಮೂರು ಮಾತ್ರೆ ಹಾಕಿಬಿಡಿ.”

“ಮೂರು ಹಾಕಿದ್ರೆ... ಎದ್ದೇಳ್ತಾರಾ ಸಾರ್?”

ಅವರು ಎದ್ದರು. ಕಿಟಕಿಯ ಕಡೆ ತಿರುಗಿ ಅಂಗಿಯ ತುದಿಯಿಂದ ಫೋನ್ ಉಜ್ಜತೊಡಗಿದರು.

ಮಾರ್ಚ್ 19, ಗುರುವಾರ

ಅಮ್ಮನಿಗೆ ಎಲ್ಲ ಹೇಳಿದೆ. ಮಾತ್ರೆಯ ವಿಷಯವನ್ನೂ. ತಪ್ಪಾಯ್ತು ಅಂದಾಗ ನನ್ನ ತಲೆಯ ಮೇಲೆ ಕೈ ಇಟ್ಟರು.

“ನಿಮ್ಮ ತಂಗಿಗೆ ಫೋನ್ ಮಾಡ್ಲಾ ಅಮ್ಮ? ಪೊಲೀಸಿಗೆ?”

“ತಂಗಿ ಅವಳ ಸೊಸೆ ಕೈಲಿದಾಳೆ, ಪಾಪ. ಪೊಲೀಸರು ಬಂದು ಏನ್ಮಾಡ್ತಾರೆ? ನನ್ನನ್ನ ಮತ್ತೆ ಇವನ ಕೈಗೇ ಒಪ್ಪಿಸ್ತಾರೆ.” ಉಸಿರು ಎಳೆದುಕೊಂಡು ಅಂದರು, “ಓಡಿಹೋಗೋಕೆ ಕಾಲಿಲ್ಲ. ಹೋಗೋದಾದ್ರೆ ಎಚ್ಚರವಾಗಿ ಹೋಗ್ತೀನಿ. ಮೂಟೆ ಥರ ಹೊರಬಾರದು ನನ್ನ.”

ಮಾರ್ಚ್ 20, ಶುಕ್ರವಾರ. ಒಂಬತ್ತೂ ಮುಕ್ಕಾಲು

ಮಾಡುವ ಕೆಲಸವೆಲ್ಲ ಮುಗಿದಿದೆ. ಅದಕ್ಕೇ ಬರೆಯುತ್ತಾ ಕೂತಿದ್ದೇನೆ.

ಹಾಲಿಗೆ ಸಕ್ಕರೆ ಬಿಟ್ಟು ಏನೂ ಹಾಕಲಿಲ್ಲ. ಮಗ ಬಾಗಿಲಲ್ಲಿ ಇಣುಕಿ, “ಕುಡಿದಳಾ?” ಅಂದರು. ಕುಡಿದರು ಅಂದೆ. ಅಮ್ಮ ಕಣ್ಣು ಮುಚ್ಚಿ ಮಲಗಿದ್ದರು. ಮಗ ಒಳಗೆ ಬಂದು ಅವರ ಹೊದಿಕೆ ಸರಿಮಾಡಿದರು. ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದರು. ಆಮೇಲೆ ವ್ಯಾನಿನವರನ್ನು ಕರೆತರಲು ಇಳಿದುಹೋದರು.

ಅಮ್ಮ ಕಣ್ಣು ಬಿಟ್ಟರು. “ಕೂರಿಸು.” ಕೂರಿಸಿದೆ. “ತಲೆ ಬಾಚು.” ಬಾಚಿ ಗಂಟು ಹಾಕಿದೆ. ಕನ್ನಡಕ ಕೇಳಿದರು. ಗಾಜು ಒರೆಸಿ ಕೊಟ್ಟೆ. ಈಗ ಬೆನ್ನು ನೆಟ್ಟಗೆ ಮಾಡಿ ಬಾಗಿಲನ್ನೇ ನೋಡುತ್ತಾ ಕೂತಿದ್ದಾರೆ. ಕ್ಲಾಸಿಗೆ ತಡವಾಗಿ ಬರುವವರನ್ನು ಹೀಗೇ ಕಾಯುತ್ತಿದ್ದರೇನೋ.

ಲಿಫ್ಟ್ ನಿಂತ ಸದ್ದು. ಹೊರಗೆ ಸ್ಟ್ರೆಚರಿನ ಗಾಲಿ. ಎರಡು ಮೂರು ಜನರ ಹೆಜ್ಜೆ. ಮಗ ತಗ್ಗಿದ ದನಿಯಲ್ಲಿ ಹೇಳುತ್ತಿದ್ದಾರೆ — “ಮೆಲ್ಲಗೆ, ಮಲಗಿದಾಳೆ.”

“ಬಾಗಿಲು ಪೂರ್ತಿ ತೆಗಿ ಹುಡುಗಿ,” ಅಂದರು ಅಮ್ಮ. “ಅವನ ಮುಖ ಕಾಣ್ಬೇಕು ನಂಗೆ.”

ಏಳಬೇಕು. ಅಷ್ಟರಲ್ಲಿ ಆ ಕಡೆಯಿಂದಲೇ ಬಾಗಿಲು ತೆರೆದುಕೊಳ್ಳುತ್ತಿದೆ.