ವಾಶೆಕರ ಕೊಟ್ಟಿಗೆಗೆ ಹೋಗಿಬಂದೆ

ಡುಬ್ರಾವ, ನೆಬ್ರಾಸ್ಕ
ಅಕ್ಟೋಬರ್ 9, ಗುರುವಾರ

ಪ್ರೀತಿಯ ಮಾರ್ಲಿಸ್,

ಮೊದಲು ನಿನ್ನ ಕೆಮ್ಮಿನ ಸಮಾಚಾರ ತಿಳಿಸು. ನೌಕಾಪಡೆಯ ಆಸ್ಪತ್ರೆಯಲ್ಲಿ ನರ್ಸಾಗಿದ್ದುಕೊಂಡು ತನ್ನ ಎದೆಗೆ ತಾನೇ ಔಷಧಿ ತೆಗೆದುಕೊಳ್ಳದವಳು ಇಡೀ ಜಪಾನಿನಲ್ಲಿ ನೀನೊಬ್ಬಳೇ ಇರಬೇಕು. ಹೋದ ವಾರ ಫೋನಿನಲ್ಲಿ ನಿನ್ನ ದನಿ ಕೇಳಿ, ಶೀತ ಹಿಡಿದ ಎಮ್ಮೆಯೊಂದು ಮಾತಾಡುತ್ತಿದೆಯೇನೋ ಅನ್ನಿಸಿತು. ಬಿಸಿನೀರು ಕುಡಿ. ಬೂದು ಬಣ್ಣದ ಉಣ್ಣೆಯ ಕೋಟನ್ನು ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ. ತೋಳು ಉದ್ದವಾದರೆ ಮಡಚಿಕೋ.

ನಾನು ಚೆನ್ನಾಗಿದ್ದೇನೆ. ಎಡ ಮಣಿಕಟ್ಟಿನ ಮೂಳೆ ಕೂಡಿದೆ, ಆದರೆ ಬಾಟಲಿಯ ಮುಚ್ಚಳ ತಿರುಗಿಸುವಷ್ಟು ಬಲ ಇನ್ನೂ ಬಂದಿಲ್ಲ. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ "ಎಲ್ಲಾ ಮುಗೀತು ಕಣೇ" ಎಂದು ಹೇಳಿ ಮಾತು ಬದಲಿಸುತ್ತೇನೆ. ಅದಕ್ಕೇ ಈ ಕಾಗದ. ಜೂನ್ ತಿಂಗಳ ಆ ಮಧ್ಯಾಹ್ನದ ಸಂಗತಿ ನಿನಗೆ ತುಂಡುತುಂಡಾಗಿ ಗೊತ್ತು, ಒಮ್ಮೆ ನೆಟ್ಟಗೆ ಬರೆದುಬಿಡುತ್ತೇನೆ. ಊರಾಚೆ ಒಂದು ಕುದುರೆ ಹಳ್ಳಕ್ಕೆ ಬಿದ್ದು ಎರಡು ಕಾಲು ಮುರಿದುಕೊಂಡಿತ್ತು. ಗುಂಡು ಹಾರಿಸಿ ಅದಕ್ಕೆ ಬಿಡುಗಡೆ ಕೊಟ್ಟು, ನಿನ್ನಪ್ಪನ ರಿವಾಲ್ವರನ್ನು ಕೋಟಿನ ಜೇಬಿನಲ್ಲಿ ಹಾಗೇ ಇಟ್ಟುಕೊಂಡು ನನ್ನ ಪಶು ಚಿಕಿತ್ಸಾಲಯದ ಹಿಂಬಾಗಿಲಿನಿಂದ ಒಳಗೆ ಬಂದೆ. ತಲೆಗೆ ಟೋಪಿ ಎಳೆದುಕೊಂಡವನೊಬ್ಬ ಹಾರೆಯಿಂದ ಮದ್ದಿನ ಬೀರು ಮೀಟುತ್ತಿದ್ದ. "ಯಾರೋ ಅದು?" ಎಂದೆ. ತಿರುಗಿದವನೇ ಬೀಸಿದ. ಮೊದಲ ಏಟು ಮಣಿಕಟ್ಟಿಗೆ ಬಿತ್ತು. ಎರಡನೆಯದಕ್ಕೆ ಹಾರೆ ತಲೆಯ ಮೇಲೆ ಎದ್ದಿತ್ತು, ನನ್ನ ಬೆನ್ನು ಗೋಡೆಗೆ ತಾಗಿತ್ತು. ಹಾರಿಸಿದೆ. ಬಿದ್ದ ಮೇಲೆ ಟೋಪಿ ಸರಿಯಿತು. ಟ್ರೆಂಟ್ ವಾಶೆಕ್. ಶಾಲೆಯ ಕೊನೆಯ ವರ್ಷದ ನೃತ್ಯಕೂಟಕ್ಕೆ ನಿನ್ನನ್ನು ಕರೆದೊಯ್ಯಲು ಅಪ್ಪನ ಟೈ ಕಟ್ಟಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದ ಅದೇ ಟ್ರೆಂಟ್. ಧಾನ್ಯದ ಗೋದಾಮಿನಲ್ಲಿ ಬಿದ್ದು ಬೆನ್ನು ಮುರಿದುಕೊಂಡ ಮೇಲೆ ನೋವಿನ ಮಾತ್ರೆಗೆ ಅಂಟಿಕೊಂಡಿದ್ದಾನೆ ಎಂದು ಊರೆಲ್ಲ ಹೇಳುತ್ತಿತ್ತು. ನಾನೂ ಕೇಳಿದ್ದೆ. ಆಂಬುಲೆನ್ಸ್ ಬರುವಷ್ಟರಲ್ಲಿ ಹೋಗಿಬಿಟ್ಟ.

ಆಮೇಲಿನದೆಲ್ಲ ಬೇರೆ ಯಾರಿಗೋ ಆದ ಹಾಗೆ ಆಯಿತು. ಶೆರಿಫ್‌ನ ಜನ ರಿವಾಲ್ವರು, ಕೋಟು, ಬೂಟು ಎಲ್ಲವನ್ನೂ ಚೀಲಗಳಿಗೆ ಹಾಕಿಕೊಂಡು ಹೋದರು. ನನ್ನ ಊದಿದ ಕೈಯ ಫೋಟೋ ತೆಗೆದರು. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದರು, ನಾನು ಒಂದೇ ಉತ್ತರ ಕೊಟ್ಟೆ. ನೆಲ ತೊಳೆಯುವುದು ಅವರ ಕೆಲಸವಲ್ಲವಂತೆ, ಅದು ನನಗೆ ಗೊತ್ತಿರಲಿಲ್ಲ. ನಾಯಿಗಳಿಗೆ ಕರುಳುಬೇನೆ ಬಂದಾಗ ಗೂಡು ತೊಳೆಯುವ ದ್ರಾವಣವನ್ನೇ ಬಕೆಟಿಗೆ ಸುರಿದುಕೊಂಡು ಒಂದೇ ಕೈಯಲ್ಲಿ ಉಜ್ಜಿದೆ. ಅಳು ಬರಬಹುದೆಂದು ಕಾದೆ. ಬರಲಿಲ್ಲ. ಮುಗಿಸಿ, ಬಕೆಟು ಕವಚಿಟ್ಟು, ಹ್ಯಾಮ್ ಇಟ್ಟ ಬ್ರೆಡ್ಡು ತಿಂದೆ. ರುಚಿಯಾಗಿಯೇ ಇತ್ತು.

ಲಿಂಕನ್ ಪಟ್ಟಣದಿಂದ ನಿನ್ನ ಸೋದರಮಾವ ಗೊತ್ತುಮಾಡಿದ ವಕೀಲೆ ಮಿಸೆಸ್ ಓಸ್ಟ್ರಮ್ ಒಳ್ಳೆಯ ಹೆಂಗಸು, ಆದರೆ ನಾಲಿಗೆ ಕತ್ತರಿ. "ವಾಶೆಕರ ಮನೆಗೆ ಕಾಲಿಡಬೇಡಿ. ಹೂವು ಕಳಿಸಬೇಡಿ. ಸಂಸ್ಕಾರಕ್ಕೆ ಹೋಗಬೇಡಿ. 'ಕ್ಷಮಿಸಿ' ಅಂತ ಒಂದು ಮಾತು ಬಾಯಿಂದ ಬಿದ್ರೆ ಸಾಕು, ನಾಳೆ ಅವ್ರು ಪರಿಹಾರ ಕೇಳಿ ಕೋರ್ಟಿಗೆ ಹೋದಾಗ ಅದನ್ನೇ ನಿಮ್ಮ ಕೊರಳಿಗೆ ಕಟ್ತಾರೆ" ಎಂದಳು. ಬ್ಲಾಂಚ್ ವಾಶೆಕ್‌ಳ ಜೊತೆ ಚರ್ಚಿನ ಅಡುಗೆಮನೆಯಲ್ಲಿ ಎಷ್ಟು ವರ್ಷ ಡಂಪ್ಲಿಂಗ್ ಬೇಯಿಸಿದ್ದೇನೆ ನಾನು! ಅವಳ ಮಗನನ್ನು ಮಣ್ಣು ಮಾಡಿದ ದಿನ ಮನೆಯಲ್ಲಿ ಕೂತು ಗಂಟೆಯ ಶಬ್ದ ಕೇಳಿಸಿಕೊಂಡೆ. ಈಗ ಪ್ರಾರ್ಥನೆಗೆ ಪಕ್ಕದ ಊರಿಗೆ ಹೋಗುತ್ತೇನೆ, ಅಲ್ಲಿ ಮುಂದಿನ ಸಾಲಿನ ವಾಶೆಕರ ಬೆನ್ನು ನೋಡುತ್ತಾ ಕೂರಬೇಕಾಗಿಲ್ಲ. ನಮ್ಮೂರ ಸಹಕಾರಿ ಅಂಗಡಿಯಲ್ಲಿ ಕಾಫಿ ಕುಡಿಯುವ ಗಂಡಸರಿಗೆ ನಾನೊಬ್ಬಳು ಶೂರೆ. ಮುದುಕ ಅಡಾಲ್ಫ್ ಅಂತೂ ಕುರ್ಚಿ ಎಳೆದುಕೊಟ್ಟು, "ಬನ್ನಿ ಡಾಕ್ಟ್ರೇ, ಕೂತ್ಕೊಳ್ಳಿ. ಇನ್ಮೇಲೆ ನಿಮ್ಗೆ ಎದುರು ಮಾತಾಡೋ ಗಂಡು ಈ ಜಿಲ್ಲೇಲಿ ಹುಟ್ಟಿಲ್ಲ ಬಿಡಿ!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಕಾಣುತ್ತದೆ. ಆ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ.

ಆಗಸ್ಟಿನಲ್ಲಿ ಕೌಂಟಿಯ ಸರ್ಕಾರಿ ವಕೀಲರು ಫೋನ್ ಮಾಡಿದರು. ನಾನು ಹಸುವೊಂದರ ಗೊರಸು ಕೆತ್ತುತ್ತಿದ್ದೆ. "ಇದು ಸ್ಪಷ್ಟವಾಗಿ ಆತ್ಮರಕ್ಷಣೆ. ನಿಮ್ಮ ಮೇಲೆ ಕೇಸು ಹಾಕೋದಿಲ್ಲ. ಇನ್ನು ನೆಮ್ಮದಿಯಾಗಿರಿ" ಎಂದರು. ಥ್ಯಾಂಕ್ಸ್ ಹೇಳಿ ಮುಂದಿನ ಗೊರಸು ಎತ್ತಿಕೊಂಡೆ. ಮಿಸೆಸ್ ಓಸ್ಟ್ರಮ್ ಮಾತ್ರ, "ಪರಿಹಾರದ ದಾವೆಗೆ ಇನ್ನೂ ಕಾಲಾವಕಾಶ ಇದೆ, ಬಾಯಿ ಬಿಗಿಯಾಗಿರಲಿ" ಎಂದು ಮತ್ತೆ ಎಚ್ಚರಿಸಿದಳು. ಅದೇ ವಾರ ಮುದಿ ನಾಯಿಯೊಂದನ್ನು ಚುಚ್ಚುಮದ್ದು ಕೊಟ್ಟು ಶಾಶ್ವತವಾಗಿ ಮಲಗಿಸಬೇಕಾಯಿತು. ಅಂಥ ಹೊತ್ತಿನಲ್ಲಿ ನಾನೂ ಜೊತೆಗೆ ಅತ್ತುಬಿಡುವುದು ನಿನಗೆ ಗೊತ್ತಲ್ಲ, ಎಷ್ಟು ಸಲ ತಮಾಷೆ ಮಾಡಿದ್ದೀ. ಈ ಸಲ ನಾಯಿಯ ಯಜಮಾನಿ ಬಿಕ್ಕುತ್ತಿದ್ದಳು, ನಾನು ಅವಳ ಭುಜದಾಚೆ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಟ್ರ್ಯಾಕ್ಟರಿನ ಚಿತ್ರ ನೋಡುತ್ತಿದ್ದೆ.

ಈಗ ನಿನ್ನೆಯ ವಿಷಯ. ಬೆಳಿಗ್ಗೆ ತಿಂಡಿ ಮುಗಿಸುವಾಗ ಫೋನ್ ಬಂತು. "ನಾನು ಲುಮೀರ್" ಎಂಬ ದನಿ. ಟ್ರೆಂಟ್‌ನ ಅಪ್ಪ. ಕೈಯಲ್ಲಿದ್ದ ಚಮಚವನ್ನು ಮೆಲ್ಲಗೆ ಕೆಳಗಿಟ್ಟೆ. "ಮೊದಲ ಸೂಲಿನ ಹಸು. ಕರು ಅಡ್ಡ ಕೂತಿದೆ. ಪಕ್ಕದೂರಿನ ಡಾಕ್ಟ್ರು ಊರಲ್ಲಿಲ್ಲ" ಎಂದ. ಆಮೇಲೆ, "ನಿಂಗೆ ಬರೋಕಾದ್ರೆ" ಎಂದ. ವಕೀಲೆಯನ್ನು ಕೇಳಲಿಲ್ಲ. ಹೋದೆ.

ಕೊಟ್ಟಿಗೆಯಲ್ಲಿ ಲುಮೀರ್ ಹಸುವಿನ ತಲೆ ಹಿಡಿದು ನಿಂತಿದ್ದ. ತುಂಬಾ ಇಳಿದುಹೋಗಿದ್ದಾನೆ, ಹೆಗಲಪಟ್ಟಿಯ ಪ್ಯಾಂಟಿನೊಳಗೆ ಮನುಷ್ಯನೇ ಇಲ್ಲ. ನಾನು ಬಲಗೈಯನ್ನು ಒಳಗೆ ಹಾಕಿ ಕರುವನ್ನು ತಿರುಗಿಸಿದೆ. ಎಳೆಯಲು ಎಡಗೈಗೆ ಶಕ್ತಿ ಸಾಲದು. ಅವನಿಗೆ ಅದು ಕಂಡಿತು. ಆ ಕೈ ಹಾಗಾದದ್ದು ಹೇಗೆಂದು ಅವನಿಗೂ ಗೊತ್ತು. ಬಂದು ಪಕ್ಕದಲ್ಲಿ ನಿಂತು, ಕರುವಿನ ಕಾಲಿಗೆ ನಾನು ಸಿಕ್ಕಿಸಿದ್ದ ಸರಪಳಿ ಹಿಡಿದ. "ಹೇಳು, ಯಾವಾಗ ಎಳೀಲಿ?" "ಅದು ಮುಕ್ಕಿದಾಗ. ಹ್ಞಾಂ, ಈಗ. ನಿಲ್ಲು. ಈಗ." ಇಬ್ಬರ ಭುಜವೂ ತಾಗುತ್ತಿತ್ತು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು, ಉಸಿರಿರಲಿಲ್ಲ. ಲುಮೀರ್ ಮೊಣಕಾಲೂರಿ ಅದರ ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿದ, "ಏಳೇ, ಏಳೇ, ಏಳೇ ಹುಡುಗಿ" ಎನ್ನುತ್ತಾ. ನಾನು ಪಕ್ಕೆ ತಿಕ್ಕಿದೆ. ಒಮ್ಮೆ ಸೀನಿತು. ಆಮೇಲೆ ತಲೆ ಎತ್ತಿತು. ಅವನು ತೋಳಿನಿಂದ ಮುಖ ಒರೆಸಿಕೊಂಡ.

ಬ್ಲಾಂಚ್ ಬಿಸಿನೀರಿನ ಬಕೆಟು, ಸೋಪು, ಟವೆಲ್ ತಂದು ಬಾಗಿಲಲ್ಲಿಟ್ಟು ಹೋದಳು. ನನ್ನ ಕಡೆ ನೋಡಲಿಲ್ಲ. ಆದರೆ ಟವೆಲ್ ಎರಡು ತಂದಿದ್ದಳು. ಒಂದೇ ಬಕೆಟಿನಲ್ಲಿ ಕೈ ತೊಳೆಯುತ್ತಿದ್ದಾಗ ಲುಮೀರ್ ನೀರನ್ನೇ ನೋಡುತ್ತಾ ಕೇಳಿದ: "ವಿಲ್ಮಾ, ಅವ್ನು ಏನಾದ್ರೂ ಅಂದ್ನಾ? ಕೊನೇಲಿ?"

"ಇಲ್ಲ ಲುಮೀರ್" ಎಂದೆ.

ಅವನು ತಲೆಯಾಡಿಸಿದ. ಪಿಕಪ್ಪಿನವರೆಗೂ ನನ್ನ ಚೀಲ ಹೊತ್ತು ತಂದುಕೊಟ್ಟ. ತಿಂಗಳ ಕೊನೆಗೆ ಹಿಂಡಿಗೆಲ್ಲ ಚುಚ್ಚುಮದ್ದು ಹಾಕಬೇಕು, ನೀನೇ ಬಾ ಎಂದ. ಬರುತ್ತೇನೆಂದು ಹೇಳಿ ಹೊರಟೆ. ಮನೆಗೆ ಬಂದವಳು ಗಾಡಿಯಿಂದ ಇಳಿಯದೆ ಎಷ್ಟೋ ಹೊತ್ತು ಸ್ಟಿಯರಿಂಗ್ ಹಿಡಿದು ಕೂತಿದ್ದೆ. ಏನನ್ನೂ ಯೋಚಿಸುತ್ತಿರಲಿಲ್ಲ.

ಸರಿ, ಅಂಚೆಯವಳು ಬರುವ ಹೊತ್ತಾಯಿತು. ನಿನ್ನ ಜೊತೆಗಿರುವ ಆ ಟೆಕ್ಸಸ್ ಹುಡುಗಿಗೆ ನನ್ನ ನೆನಪು ಹೇಳು, ಗಸಗಸೆ ತುಂಬಿದ ಕೋಲಾಚ್ ಬನ್ನು ಮಾಡುವುದನ್ನು ಅವಳಿಗೆ ಬರೆದು ಕಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ಬೆಚ್ಚಗಿರು. ದೇವರು ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ.

ನಿನ್ನ ಅಮ್ಮ,
ವಿಲ್ಮಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅಂಚೆ ಗಾಡಿ ತಿರುವಿನಲ್ಲಿ ಕಾಣುತ್ತಿದೆ. ಟ್ರೆಂಟ್ ಮಾತಾಡಿದ, ಮಾರ್ಲಿಸ್. ಗಾಯವನ್ನು ಒತ್ತಿ ಹಿಡಿದಿದ್ದೆ. ಕಣ್ಣು ಬಿಟ್ಟ, ನನ್ನ ಗುರುತು ಹಿಡಿದ. "ಡಾಕ್ಟ್ರೇ, ಅಪ್ಪಂಗೆ ಹೇಳ್ಬೇಡಿ" ಎಂದ. "ಹೇಳಲ್ಲ ಕಣೋ, ಸುಮ್ನಿರು" ಎಂದೆ. ಅವನು ಕೇಳಿಸಿಕೊಂಡ ಕೊನೆಯ ಮಾತು ಅದೇ. ಲುಮೀರನಿಗೆ ನಾನು ಇಲ್ಲ ಎಂದದ್ದು ವಕೀಲೆಗೆ ಹೆದರಿ ಅಲ್ಲ. ಆದರೆ ಅವನು ಮತ್ತೆ ಕೇಳುತ್ತಾನೆ, ನಾನು ಮತ್ತೆ ಹೋಗಬೇಕು. ಮಗನಿಗೆ ಕೊಟ್ಟ ಮಾತು ಉಳಿಸಲೋ, ಅಪ್ಪನಿಗೆ ಆ ಮಗನ ಮಾತು ಒಪ್ಪಿಸಲೋ ತಿಳಿಯುತ್ತಿಲ್ಲ. ನೀನು ಆ ಹುಡುಗನನ್ನು ಬಲ್ಲೆ. ಕಾಗದ ಸಿಕ್ಕ ಕೂಡಲೇ ಫೋನ್ ಮಾಡು. ನನ್ನನ್ನು ಸಮಾಧಾನ ಮಾಡಬೇಡ. ಹೇಳು ಅನ್ನು, ಇಲ್ಲವೇ ಬೇಡ ಅನ್ನು. ಅಷ್ಟು ಸಾಕು.