ತಪ್ಪು ಅಳತೆ ಕೊಟ್ಟ ದರ್ಜಿಯ ಆಕ್ಷೇಪಣೆ

ಮಾನ್ಯ ಮುಖ್ಯ ಎಂಜಿನಿಯರರೇ,

ಮುಂದಿನ ಮೂವತ್ತು ವರ್ಷಗಳ ಕುಡಿಯುವ ನೀರಿನ ಯೋಜನೆಯನ್ನು ಕಚೇರಿಯ ಗೋಡೆಗೆ ಅಂಟಿಸಿ, ಆಕ್ಷೇಪಣೆಗಳಿದ್ದರೆ ಈ ತಿಂಗಳೊಳಗೆ ಬರೆಯಿರಿ ಎಂದಿದ್ದೀರಿ. ನನ್ನದೊಂದಿದೆ. ನಮ್ಮ ಬೀದಿಯಲ್ಲಿ ಎಂಬತ್ತಾರು ಜನರಿದ್ದಾರೆಂದೂ ಮೂವತ್ತು ವರ್ಷಗಳಲ್ಲಿ ಅವರು ನೂರಿಪ್ಪತ್ತಾಗುತ್ತಾರೆಂದೂ ಅದರಲ್ಲಿದೆ. ನಾವು ಇವತ್ತೇ ಇನ್ನೂರು ದಾಟಿದ್ದೇವೆ. ನೀವು ಹೂಳಲಿರುವ ಕೊಳವೆ ಮಣ್ಣಿಗಿಳಿಯುವ ಮೊದಲೇ ಚಿಕ್ಕದಾಗಿದೆ. ಎಂಬತ್ತಾರು ಜನರ ಬೀದಿಯಿಂದ ಎಪ್ಪತ್ತು ಮಕ್ಕಳು ಶಾಲೆಗೆ ಹೋಗುತ್ತಾರೆಂದು ನಿಮ್ಮದೇ ಶಿಕ್ಷಣ ವಿಭಾಗದ ಪುಸ್ತಕ ಹೇಳುತ್ತದೆ. ಎರಡೂ ಪುಸ್ತಕಗಳು ಒಂದೇ ಕಟ್ಟಡದಲ್ಲಿವೆ. ಅವಕ್ಕೆ ಪರಸ್ಪರ ಪರಿಚಯವಿಲ್ಲವೇ?

ನಾನು ದರ್ಜಿ. ಮಕ್ಕಳ ಬಟ್ಟೆ ಹೊಲಿಯುವಾಗ ಅಂಚಿನಲ್ಲಿ ನಾಲ್ಕು ಬೆರಳು ಮಡಿಚಿ ಬಿಡುತ್ತೇನೆ, ಮಗು ಬೆಳೆದಂತೆ ತಾಯಿ ಬಿಚ್ಚಿಕೊಳ್ಳಲಿ ಅಂತ. ನೀವೂ ಮಡಿಕೆ ಬಿಟ್ಟಿದ್ದೀರಿ, ಒಪ್ಪಿದೆ. ಆದರೆ ಎದೆಯಳತೆಯೇ ತಪ್ಪಾಗಿದ್ದರೆ ಮಡಿಕೆ ಏನು ಮಾಡೀತು? ಆ ತಪ್ಪು ಅಳತೆ ಕೊಟ್ಟವರಲ್ಲಿ ನಾನೂ ಒಬ್ಬ.

ಎರಡು ವರ್ಷದ ಹಿಂದೆ ನಿಮ್ಮವರು ಜನರನ್ನು ಎಣಿಸಲು ಬಂದರು. ಬಾಡಿಗೆಯವರನ್ನು ತೋರಿಸಿದರೆ ಕಂದಾಯ ಏರುತ್ತದೆಂದು ಯಾರೋ ಹೇಳಿದ್ದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ, ನಂಬದವರು ಮಾತ್ರ ಒಬ್ಬರೂ ಇರಲಿಲ್ಲ. ನಮ್ಮ ಮಹಡಿಯಲ್ಲಿ ಗಾರೆ ಕೆಲಸದವನ ಸಂಸಾರವಿದೆ: ಗಂಡ, ಹೆಂಡತಿ, ಮೂರು ಮಕ್ಕಳು, ಹೆಂಡತಿಯ ತಮ್ಮ, ಗಂಡನ ತಾಯಿ. ಆ ತಾಯಿಯನ್ನು ಇಡೀ ಬೀದಿ ದೊಡ್ಡಮ್ಮ ಎನ್ನುತ್ತಿತ್ತು. ಉಳಿದವರೆಲ್ಲ ಕೆಲಸಕ್ಕೋ ಶಾಲೆಗೋ ಹೋಗಿದ್ದರು. ದೊಡ್ಡಮ್ಮನನ್ನು ನನ್ನ ಹೆಂಡತಿ ನಮ್ಮ ಅಡುಗೆಮನೆಗೆ ಕರೆತಂದು ಬಾಗಿಲು ಮುಂದೆ ಮಾಡಿದಳು.

"ಮನೇಲಿ ಎಷ್ಟು ಜನ?" ಬಂದವರು ಹೊಸ್ತಿಲಾಚೆ ನಿಂತೇ ಕೇಳಿದರು.

"ನಾಲ್ಕೇ ಜನ ಸಾರ್."

ಬರೆದುಕೊಂಡರು. ತಲೆ ಎತ್ತಲಿಲ್ಲ. ಎತ್ತಿದ್ದರೆ ಮಹಡಿಯ ಹಗ್ಗದ ಮೇಲೆ ಏಳು ಜನರ ಬಟ್ಟೆ ಒಣಗುತ್ತಿದ್ದದ್ದು ಕಾಣುತ್ತಿತ್ತು. ಸುಳ್ಳು ನನ್ನದು, ಸರಿ. ತಲೆ ಎತ್ತುವುದಕ್ಕೂ ಮೇಲಧಿಕಾರಿಗಳ ಅಪ್ಪಣೆ ಬೇಕಿತ್ತೇ?

"ಹೋದ್ನಾ?" ದೊಡ್ಡಮ್ಮ ನಗುತ್ತ ಹೊರಬಂದಳು. "ಏನಪ್ಪಾ ದರ್ಜಿ, ಒಂದೇ ಸಲಕ್ಕೆ ಏಳು ಜನನ್ನ ಕತ್ತರಿಸಿ ಹಾಕಿದ್ಯಲ್ಲ! ಇನ್ಮೇಲೆ ನಾನು ನೀರು ಕುಡೀಬಹುದೋ, ಬೇಡ್ವೋ?"

ನಾವೂ ನಕ್ಕೆವು.

ಆ ಎಣಿಕೆಯ ಮೇಲೆಯೇ ನಮ್ಮ ಬೀದಿಗೆ ನೀರು ಬಿಡುವ ಹೊತ್ತು ನಿಗದಿಯಾಯಿತು: ಮೂರು ದಿನಕ್ಕೊಮ್ಮೆ, ನಲವತ್ತು ನಿಮಿಷ. ಊರಾಚೆ ಹೊಸ ಬಡಾವಣೆಗಳೆದ್ದವು, ಅವುಗಳ ಗೋಡೆ ಕಟ್ಟಿದವರಲ್ಲಿ ನಮ್ಮ ಗಾರೆಯವನೂ ಒಬ್ಬ. ಅವನ ಸಂಸಾರಕ್ಕೆ ಈ ಬೇಸಿಗೆಯಲ್ಲಿ ಆರು ಕೊಡ ಸಿಕ್ಕರೆ ಹೆಚ್ಚು. ಏಳು ಜನ, ಮೂರು ದಿನ. ನಮ್ಮದರಲ್ಲಿ ಒಂದೆರಡು ಕೊಡ ಮೇಲೆ ಕಳಿಸಿ, ದೊಡ್ಡ ಉಪಕಾರ ಮಾಡಿದೆವೆಂದುಕೊಂಡಿದ್ದೆವು. ದೊಡ್ಡಮ್ಮ ತನ್ನ ಪಾಲನ್ನು ಮೊಮ್ಮಕ್ಕಳಿಗೆ ಬಿಟ್ಟುಕೊಡುತ್ತ ಬಂದಳು. ಸೊಸೆ ಗದರಿದರೆ ಅದೇ ಹಳೇ ತಮಾಷೆ: "ನಾನು ಪಟ್ಟೀಲಿ ಇಲ್ಲದವಳು ಕಣೇ. ಒಂದು ಗುಟುಕು ಸಾಕು."

ತಮಾಷೆಯೆಂದೇ ತಿಳಿದೆವು. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಕುಸಿದಳು. ಮೈಯಲ್ಲಿ ನೀರಿನ ಪಸೆಯೇ ಇಲ್ಲ, ಮೂತ್ರಪಿಂಡಗಳು ಸೋತಿವೆ, ಇವರು ನೀರು ಕುಡಿದು ಎಷ್ಟು ದಿನವಾಯಿತು ಎಂದು ಡಾಕ್ಟರು ಕೇಳಿದರು. ನಾಲ್ಕನೆಯ ದಿನ ದೊಡ್ಡಮ್ಮ ಹೋಗಿಬಿಟ್ಟಳು.

ಮರಣ ಪತ್ರಕ್ಕೆಂದು ಮಗನ ಜೊತೆ ನಾನೂ ನಿಮ್ಮ ಕಟ್ಟಡಕ್ಕೆ ಬಂದೆ. ಕೆಳಗಿನ ಗುಮಾಸ್ತರು ತಲೆ ಎತ್ತಿ ನಮ್ಮನ್ನು ನೋಡಿದರು. ಹೆಸರು, ವಯಸ್ಸು, ಮನೆ ನಂಬರು ಎಲ್ಲವನ್ನೂ ಎರಡೆರಡು ಸಲ ಕೇಳಿ, ಎಲ್ಲೂ ತಪ್ಪಾಗದಂತೆ ಬರೆದುಕೊಂಡರು. ನಮ್ಮ ಮನೆಯಲ್ಲಿ ಇಂಥವಳೊಬ್ಬಳು ಬದುಕಿದ್ದಳೆಂದು ಈ ನಗರಕ್ಕೆ ತಿಳಿದದ್ದು ಅವತ್ತು.

ಆದ್ದರಿಂದ ಆ ಯೋಜನೆಗೆ ಸಹಿ ಹಾಕುವ ಮುನ್ನ ನಮ್ಮ ಬೀದಿಯನ್ನೂ ಇಂಥ ಎಲ್ಲ ಬೀದಿಗಳನ್ನೂ ಮತ್ತೆ ಎಣಿಸಿ. ಈ ಎಣಿಕೆಯಿಂದ ಕಂದಾಯ ಏರುವುದಿಲ್ಲವೆಂದು ಮೊದಲು ಅದೇ ಗೋಡೆಗೆ ಬರೆದು ಅಂಟಿಸಿ, ಹೆದರಿದವರ ಬಾಯಿಂದ ನಿಜ ಹೊರಡುವುದಿಲ್ಲ. ಹೊಸ್ತಿಲು ದಾಟಿ ಬನ್ನಿ, ಮಹಡಿ ಹತ್ತಿ ನೋಡಿ. ನಾನು ಬಾಗಿಲಲ್ಲೇ ನಿಂತಿರುತ್ತೇನೆ. ಎಷ್ಟು ಜನ ಎಂದು ಕೇಳಿದರೆ ಈ ಸಲ ನಿಜ ಹೇಳುತ್ತೇನೆ: ಹತ್ತು ಜನ.

ಹೋದ ಸಲ ಹನ್ನೊಂದಿದ್ದೆವು.

ಇಂತಿ,
ನಿಮ್ಮ ಪಟ್ಟಿಯಲ್ಲಿರುವ ನಾಲ್ವರಲ್ಲಿ ಒಬ್ಬ,
ಅಳತೆ ತಪ್ಪಿದ ದರ್ಜಿ