ಕೂರಿಸಿ ಕೊಟ್ಟ ಮಣ್ಣು

ಜಂಗಮವಾಡಿ, ಕಾಶಿ
೩-೨-೧೯೭೪

ಚಿರಂಜೀವಿ ತಂಗಿ ಶರಣಬಸಮ್ಮನಿಗೆ ಅಣ್ಣ ಸೋಮಲಿಂಗಯ್ಯ ಮಾಡುವ ಆಶೀರ್ವಾದಗಳು.

ನಿನ್ನ ಮೊಣಕಾಲು ನೋವು ಹೇಗಿದೆ? ನಿಮ್ಮತ್ತೆ ಕಾಶಮ್ಮನವರ ಕಣ್ಣಿನ ಪೊರೆ ತೆಗೆಸಿದಿರಾ? ಶಿವಬಸಯ್ಯನ ಕೆಮ್ಮು ಕಡಿಮೆಯಾಯಿತೇ? ಬೀಡಿ ಬಿಡದೆ ಕಷಾಯ ಕುಡಿದರೆ ಏನು ಬಂತು ಎಂದು ಸೋದರಮಾವ ಬೈದನೆಂದು ಹೇಳು. ನಾನು ಗಟ್ಟಿಯಾಗಿದ್ದೇನೆ. ಮಠದ ಅಡುಗೆಮನೆಯಲ್ಲಿ ಈಗಲೂ ಎರಡು ಹೊತ್ತು ರೊಟ್ಟಿ ಬಡಿಯುತ್ತೇನೆ.

ನಿನ್ನ ಪತ್ರ ದಸರೆಗೇ ಬಂದಿತ್ತು. ನಾಲ್ಕು ತಿಂಗಳು ಉತ್ತರ ಬರೆಯದ್ದಕ್ಕೆ ಕ್ಷಮಿಸು. ಶಿವಬಸಯ್ಯ ಅಪ್ಪನ ಹೆಸರಿನಲ್ಲಿ ಹೊಲದಲ್ಲಿ ಕಲ್ಲು ನಿಲ್ಲಿಸುತ್ತಾನೆ, ಬರ್ಮಾದ ಯುದ್ಧದಲ್ಲಿ ನನ್ನ ಜೊತೆಗಿದ್ದ ನಿನ್ನ ಗಂಡ ಅನ್ನದಾನಯ್ಯನಿಗೆ ನಾನು ಮಣ್ಣು ಕೊಟ್ಟ ಊರಿನ ಹೆಸರು ತಿಳಿಸು, ಅದರ ಮೇಲೆ ಕೆತ್ತಿಸಬೇಕು ಎಂದು ನೀನು ಕೇಳಿದ್ದೆ. ಎಷ್ಟು ಸಲ ಬರೆಯಲು ಕುಳಿತರೂ ಕೈ ಮುಂದೆ ಹೋಗಲಿಲ್ಲ. ಹೋದ ವಾರ ಇಲ್ಲಿ ನಡೆದದ್ದನ್ನು ಮೊದಲು ಓದು.

ಸೋಮವಾರ ಕೊಟ್ಟೂರಯ್ಯ ಎಂಬ ಸಿಪಾಯಿ ಬಂದ. ಕೊಪ್ಪಳದ ಕಡೆಯವನು, ಮೂವತ್ತರ ಒಳಗಿನ ವಯಸ್ಸು. ರಿಕ್ಷಾದವನು ಅವನನ್ನು ಮೊದಲು ಹೆಣ ಸುಡುವ ಮಣಿಕರ್ಣಿಕಾ ಘಾಟಿನ ದಾರಿಯಲ್ಲಿ ಇಳಿಸಿದ್ದನಂತೆ. “ಜಂಗಮವಾಡಿ ಅಂತ ಮೂರು ಸಲ ಅಂದೆರಿ ಅಜ್ಜಾರ. ‘ಪಹಲೇ ಘಾಟ್, ಫಿರ್ ಮಠ’ ಅಂದ, ಮೊದ್ಲ ಘಾಟಂತ, ಆಮ್ಯಾಲ ಮಠಂತ. ನಮ್ಮ ಸುಬೇದಾರಗಿಂತ ಜೋರ ಅದಾನ,” ಎಂದು ನಕ್ಕ. ನಕ್ಕವನ ಕೊರಳಲ್ಲಿ ಲಿಂಗವಿರಲಿಲ್ಲ.

ಊಟಕ್ಕೆ ಮೊದಲು ಎಲ್ಲರೂ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ, ಅವನು ಬರಿ ಅಂಗೈ ಚಾಚಿ ಅದನ್ನೇ ನೋಡುತ್ತ ಕೂತ. ಎರಡು ವರ್ಷದಿಂದ ದಿನಾ ಹೀಗೆಯೇ ಅಂತೆ.

“ಲಿಂಗ ಎಲ್ಲಿ ತಮ್ಮಾ?” ಎಂದೆ.

“ಬಂಗಾಲದಾಗ ಐತ್ರಿ, ಒಬ್ಬಾಂವನ ಕೈಯಾಗ.”

ಎಪ್ಪತ್ತೊಂದರ ಯುದ್ಧದಲ್ಲಿ ಅವನ ತುಕಡಿ ಹೊಳೆಗೆ ಸೇತುವೆ ಕಟ್ಟುತ್ತಿತ್ತು. ದಂಡೆಯಲ್ಲಿ ಶತ್ರುಪಕ್ಷದ ಸಿಪಾಯಿಯೊಬ್ಬ ಸತ್ತು ಬಿದ್ದಿದ್ದ. ಹೂಳಿ ಬಾ ಎಂದು ಇವನಿಗೆ ಹುಕುಂ ಆಯಿತು. ಆಚೆ ದಡದಿಂದ ಗುಂಡು ಬರುತ್ತಲೇ ಇತ್ತು. ಇವನಿಗೆ ಹೂಳುವುದೆಂದರೆ ನಮ್ಮ ಕ್ರಮವೊಂದೇ ಗೊತ್ತು. ಕುಳಿ ತೋಡಿ, ಕೂರಿಸಿ, ಅಂಗೈಗೆ ಲಿಂಗ ಕೊಟ್ಟು ಮಣ್ಣು ಹಾಕುವುದು. “ಬರಿಗೈಲೆ ಹೆಂಗ ಕಳಸೂದ್ರಿ? ನಂದ ಬಿಚ್ಚಿ ಕೊಟ್ಟೆ.” ತೋಡಿದಷ್ಟೂ ನೀರು. ಹೆಣ ವಾಲುತ್ತಿತ್ತು. ಇವನೇ ಕುಳಿಗಿಳಿದು ಆ ಸತ್ತವನ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕೂತು, ಎದೆಮಟ್ಟ ಬರುವವರೆಗೆ ಗೆಳೆಯರಿಂದ ಮಣ್ಣು ಹಾಕಿಸಿದನಂತೆ. ಆಮೇಲೆ ಅವರು ಇವನನ್ನು ರಟ್ಟೆ ಹಿಡಿದು ಎಳೆದು ತೆಗೆದರು.

ಮರುದಿನ ಆ ಊರಿನ ಮುದುಕನೊಬ್ಬ, ಕುಳಿ ಯಾಕೆ ಗುಂಡಗಿದೆ ಎಂದು ಕೇಳಿದ. ಸಂಗತಿ ತಿಳಿದು, ಅವರ ಧರ್ಮದಲ್ಲಿ ಮಲಗಿಸಿ ಮುಖ ಪಶ್ಚಿಮಕ್ಕೆ ತಿರುಗಿಸಬೇಕಲ್ಲಪ್ಪ ಎಂದ. ಸರಿಪಡಿಸೋಣವೆಂದರೆ ಅಷ್ಟರಲ್ಲಿ ತುಕಡಿ ಹೊರಟಿತ್ತು.

ಅವನನ್ನು ಮಠದ ಹಿರಿಯ ಸ್ವಾಮಿಗಳ ಹತ್ತಿರ ಕರೆದೊಯ್ದೆ. ಹೊಸ ಲಿಂಗ ಕೊಡಿ ಎಂದು ನಾನೇ ಕೇಳಿದೆ. ಅವನು ತಲೆ ಅಲ್ಲಾಡಿಸಿದ. “ನಾ ಲಿಂಗಕ್ಕ ಬಂದಿಲ್ರಿ. ತಪ್ಪ ಕೂರಿಸಿದ್ದಕ್ಕ ಅಂವಗ ಗತಿ ತಪ್ಪೇತೇನು, ಅದನ್ನ ಹೇಳ್ರಿ.”

ಸ್ವಾಮಿಗಳು, “ಅದು ನನಗ ಗೊತ್ತಿಲ್ಲ ಮಗನ. ಆದರ ಮಣ್ಣು ಕೊಟ್ಟ ಕೈಗೆ ಲಿಂಗ ಕೊಡಾಕ ನಾ ಯಾಕ ತಡೀಲಿ?” ಎಂದರು.

ಬೆಳಿಗ್ಗೆ ಗಂಗೆಯಲ್ಲಿ ಮಿಂದು ಬಂದವನ ಅಂಗೈಯಲ್ಲಿ ಲಿಂಗವಿಟ್ಟರು. ನಾನು ಕಂಬದ ಹಿಂದೆ ನಿಂತು ನೋಡಿದೆ, ಶರಣಬಸಮ್ಮ. ಇಂಥ ಮನುಷ್ಯರೂ ನಮ್ಮ ಹಾಗೆ ರೊಟ್ಟಿ ತಿಂದು, ರೈಲಿನಲ್ಲಿ ನಿಂತುಕೊಂಡು ಪ್ರಯಾಣ ಮಾಡುತ್ತಾರಲ್ಲ! ಹೊರಡುವಾಗ ಅವನ ಕಾಲು ಮುಟ್ಟಿದೆ. “ಏನ್ರಿ ಅಜ್ಜಾರ ಇದು, ಹಿರ್ಯಾರು ನೀವು!” ಎಂದು ಹಿಂದೆ ಹಾರಿದ. ಯಾಕೆಂದು ಅವನಿಗೆ ಹೇಳಲಿಲ್ಲ. ನಿನಗೆ ಹೇಳಬೇಕು.

ಕಾಶಮ್ಮನವರಿಗೆ ಶರಣಾರ್ಥಿ. ಶಿವಬಸಯ್ಯನಿಗೆ ಆಶೀರ್ವಾದ. ವಿಶ್ವನಾಥ ನಿಮ್ಮೆಲ್ಲರನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅಣ್ಣ,
ಸೋಮಲಿಂಗಯ್ಯ

ತಾ.ಕ.: ಕಲ್ಲಿನ ಮೇಲೆ ಯಾವ ಊರಿನ ಹೆಸರನ್ನೂ ಕೆತ್ತಿಸಬೇಡ. ಅನ್ನದಾನಯ್ಯನಿಗೆ ನಾನು ಮಣ್ಣು ಕೊಡಲಿಲ್ಲ. ಮಾವಿನ ಮರ, ಕುಳಿ, ವಿಭೂತಿ ಎಂದು ಮೂವತ್ತೆರಡು ವರ್ಷ ನಿನಗೆ ಹೇಳಿದ್ದೆಲ್ಲ ನಾನು ಕಟ್ಟಿದ ಮಾತು. ಅವನು ದಾರಿಬದಿಯಲ್ಲಿ ಸತ್ತಿದ್ದ. ಹಿಮ್ಮೆಟ್ಟುವ ಅವಸರದಲ್ಲಿ ಮಣ್ಣು ಕೊಡಲು ಹೊತ್ತು ಇರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಹೊತ್ತು ಇತ್ತು, ತಂಗಿ. ಸಲಿಕೆಯೂ ಇತ್ತು. ಹೆದರಿ ಓಡಿದೆ. ಬೈದು ಬರೆದರೂ ಸರಿ, ಬೇಗ ಪತ್ರ ಬರೆ.